ಪಾಸ್‌ಪೋರ್ಟಿಗೆ ಅಂಟಿದ ಕಾರು

ಬಲ್ಗೇರಿಯಾದ ಬೆಟ್ಟದ ಮೇಲಿನ ನಮ್ಮೂರಿನಲ್ಲಿ ಲಾರಿ ಓಡಿಸಿದ ಹೆಂಗಸು ಅಂದರೆ ರೆಸ್ಮಿಯೆ ಒಬ್ಬಳೇ. ಹೊಗೆಸೊಪ್ಪಿನ ಸಹಕಾರ ಸಂಘ ಇದ್ದ ಕಾಲದಲ್ಲಿ ಹದಿನೇಳು ವರ್ಷ ಸೊಪ್ಪಿನ ಬೇಲುಗಳನ್ನು ಹೇರಿಕೊಂಡು ಮೊಮ್ಚಿಲ್‌ಗ್ರಾದ್ ಪೇಟೆಯ ಗೋದಾಮಿಗೆ ಹೋಗಿಬರುತ್ತಿದ್ದಳು. ಆಳು ತೀರಾ ಕುಳ್ಳಿ. ಕೆಳಗೊಂದು ಬೆನ್ನಿಗೊಂದು ದಿಂಬು ಇಟ್ಟುಕೊಂಡು ಕೂತರೆ ಎದುರಿನಿಂದ ನೋಡುವವರಿಗೆ ಸ್ಟಿಯರಿಂಗಿನ ಮೇಲೆ ಬರೀ ತಲೆವಸ್ತ್ರ ಕಾಣುತ್ತಿತ್ತು. ಸಂಘ ಮುಚ್ಚಿದ ಮೇಲೆ ಗಂಡ ಮುಹರ್ರೆಮ್ ಜೊತೆ ಸೇರಿ ಒಂದು ಹಳೆ ಓಪೆಲ್ ಕಾರು ಕೊಂಡಳು. ಮುಹರ್ರೆಮ್‌ನ ಸೊಂಟ ಕೆಟ್ಟಿತ್ತು, ಅವನು ಓಡಿಸುತ್ತಿರಲಿಲ್ಲ. ಊರಿನ ಬಾಣಂತಿಯರು, ಕಣ್ಣು ಕಾಣದ ಮುದುಕರು, ಹಲ್ಲುನೋವಿನವರು ಎಲ್ಲ ಆ ಕಾರಿನಲ್ಲೇ ಪೇಟೆ ಆಸ್ಪತ್ರೆಗೆ ಹೋಗುತ್ತಿದ್ದರು. ನಾನೂ ಹೋಗಿದ್ದೇನೆ.

ಬೆಟ್ಟದ ದಾರಿಯ ಮಂಜಿಗೂ ಹಿಮಕ್ಕೂ ಹೆದರದ ಆ ಹೆಂಗಸಿಗೆ ಸರ್ಕಾರಿ ಕಚೇರಿಯ ಕಿಟಕಿ ಅಂದರೆ ಪ್ರಾಣಭಯ. ಮನೆಗೆ ಮುದ್ರೆ ಒತ್ತಿದ ಲಕೋಟೆ ಬಂದರೆ ಒಡೆಯುತ್ತಿರಲಿಲ್ಲ, ನೇರ ನನ್ನ ಹತ್ತಿರ ತರುತ್ತಿದ್ದಳು. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು, ನೆರೆಮನೆಯವಳು. "ಟೀಚರ್, ಇದ್ರಲ್ಲಿ ಏನಿದೆ ನೋಡಿ, ಕೆಟ್ಟದ್ದಿದ್ರೆ ನಿಧಾನಕ್ಕೆ ಹೇಳಿ" ಅನ್ನುತ್ತಿದ್ದಳು. ಮುಂದೆ ಹೇಳುವುದನ್ನೆಲ್ಲ ಅವಳೇ ನಮ್ಮ ಜಗಲಿಯ ಮೇಲೆ ಕೂತು ಹೇಳಿದ್ದು. ಒಂದೇ ಸಲಕ್ಕಲ್ಲ, ನಾಲ್ಕೈದು ಸಲಕ್ಕೆ.

ಎರಡು ಸಾವಿರದ ಹತ್ತನೇ ಇಸವಿ, ಏಪ್ರಿಲ್ ಮಧ್ಯ. ತುರ್ಕಿಯ ಬುರ್ಸಾದಲ್ಲಿದ್ದ ಅವಳ ಅಕ್ಕ ಹುಸ್ನಿಯೆಗೆ ಮಂಡಿಯ ಆಪರೇಷನ್ ಆಗಿತ್ತು. ಹುಸ್ನಿಯೆ ಎಂಬತ್ತೊಂಬತ್ತರ ಬೇಸಿಗೆಯಲ್ಲಿ ನಮ್ಮ ತುರ್ಕಿ ಜನ ಗುಂಪುಗುಂಪಾಗಿ ದೇಶ ಬಿಟ್ಟಾಗ ಗಡಿ ದಾಟಿ ಹೋದವಳು, ವಿಧವೆ. ಮೂವತ್ತನಾಲ್ಕು ವಯಸ್ಸಿನ ಮಗ ಎರ್ಜಾನ್ ಜೊತೆಗಿದ್ದ. ಗಂಡಸು ಎಷ್ಟು ನೋಡಿಕೊಂಡಾನು ಅಂತ ರೆಸ್ಮಿಯೆ ಹತ್ತು ದಿನಕ್ಕೆ ಹೊರಟಳು. ಮೆಣಸಿನಕಾಯಿ ಗೊಜ್ಜಿನ ಡಬ್ಬಿ, ಗಿಣ್ಣು, ಚಹಾಕ್ಕೆ ಒಣಗಿಸಿದ ಲಿಂಡನ್ ಹೂವು ಕಾರಿಗೆ ತುಂಬಿದಳು. ಮಡಿಯಲ್ಲಿದ್ದ ಹೊಗೆಸೊಪ್ಪಿನ ಸಸಿಗಳಿಗೆ ನೀರು ಹಾಕುವುದನ್ನು ಗಂಡನಿಗೆ ಎರಡೆರಡು ಸಲ ಹೇಳಿದಳು. ಮೇ ಮೊದಲ ವಾರ ನಾಟಿ ಆಗಲೇಬೇಕಿತ್ತು.

ಕಪಿಕುಲೆ ಗಡಿಯಲ್ಲಿ ತುರ್ಕಿಯ ಸುಂಕದವನು ಕಾರಿನ ನಂಬರನ್ನು ಕಂಪ್ಯೂಟರಿಗೆ ಹಾಕಿ, ಅವಳ ಪಾಸ್‌ಪೋರ್ಟಿನಲ್ಲಿ ಒಂದು ಮುದ್ರೆ ಒತ್ತಿ, ಕೆಳಗೆ ಕೈಯಲ್ಲೇ ನಂಬರ್ ಬರೆದ. ಕೊಡುವಾಗ ಹೇಳಿದ:

"ಕಾರು ನಿಮ್ಮ ಹೆಸರಿಗೆ ಹತ್ತಿದೆ. ಇಲ್ಲಿರೋ ಯಾರ ಕೈಗೂ ಓಡಿಸೋಕೆ ಕೊಡಬೇಡಿ. ಕಾರಿಲ್ದೆ ನೀವೊಬ್ರೇ ವಾಪಸ್ ಬಂದ್ರೆ ದಾಟೋಕೆ ಬಿಡಲ್ಲ."

ಅವಳು ಆ ಮಾತನ್ನು ಮಂತ್ರದ ಹಾಗೆ ಬಾಯಲ್ಲೇ ಹೇಳಿಕೊಳ್ಳುತ್ತಾ ಬುರ್ಸಾದವರೆಗೆ ಹೋದಳು. ಹೋದವಳೇ ಅಕ್ಕನಿಗೂ ಎರ್ಜಾನ್‌ಗೂ ಹೇಳಿದಳು. ಎರ್ಜಾನ್ ನಕ್ಕು, ಇಷ್ಟು ಹಳೇ ಗಾಡಿಯನ್ನು ಯಾರು ಮುಟ್ಟುತ್ತಾರೆ ಚಿಕ್ಕಮ್ಮ ಅಂದನಂತೆ. ಕಾರಿನ ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು.

ಒಂಬತ್ತನೇ ದಿನ ಗುರುವಾರ. ಮಧ್ಯಾಹ್ನ ಅಕ್ಕನ ಕಾಲಿಗೆ ಪಟ್ಟಿ ಕಟ್ಟಿ, ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುತ್ತಿದ್ದಳು. ಎರ್ಜಾನ್ ಬಂದ. ನಡೆದುಕೊಂಡೇ ಬಂದಿದ್ದ, ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಚಿಕ್ಕಮ್ಮನ ಮುಖ ನೋಡಲಿಲ್ಲ. ಅಮ್ಮನ ಮಂಚದ ಪಕ್ಕ ಕೂತು ಪಿಸುಪಿಸು ಮಾತಾಡಿದ. ರೆಸ್ಮಿಯೆ ಬಾಣಲೆ ಇಳಿಸಿ ಬಾಗಿಲ ಕಡೆ ನೋಡಿದಳು. ಮೊಳೆ ಖಾಲಿ. ಕೀಲಿ ಎರ್ಜಾನ್‌ನ ಮುಷ್ಟಿಯಲ್ಲಿತ್ತು.

ಆದದ್ದಿಷ್ಟು. ಎರ್ಜಾನ್ ನಗರಸಭೆಯ ಬಸ್ಸಿನ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದ್ದ. ವೈದ್ಯರ ಸರ್ಟಿಫಿಕೇಟ್ ಸಲ್ಲಿಸಲು ಅವತ್ತೇ ಕೊನೆಯ ದಿನ, ಅವನಿಗೆ ತಡವಾಗಿತ್ತು. ಯಾರನ್ನೂ ಕೇಳದೆ ಕೀಲಿ ತಗೊಂಡು ಹೋಗಿದ್ದ. ಸರ್ಟಿಫಿಕೇಟ್ ಕೊಟ್ಟು ಬರುವಾಗ ಒಂದು ಇಕ್ಕಟ್ಟಿನ ಬೀದಿಯಲ್ಲಿ, ಬೇಕರಿಯ ಬ್ರೆಡ್ ಹಂಚುವವನ ಮೊಪೆಡ್‌ಗೆ ಗುದ್ದಿ, ಆಮೇಲೆ ಗೋಡೆಗೆ ಗುದ್ದಿದ. ಮೊಪೆಡ್‌ನವನು ಭುಜ ಹಿಡಿದುಕೊಂಡು ಕೂಗುತ್ತಿದ್ದ, ಅಂಗಡಿಯವರು ಓಡಿಬಂದರು. ಎರ್ಜಾನ್ ಕಾರನ್ನು ಅಲ್ಲೇ ಬಿಟ್ಟು, ಪಕ್ಕದ ಓಣಿ ಹಿಡಿದು ಮನೆಗೆ ಬಂದುಬಿಟ್ಟಿದ್ದ.

ರೆಸ್ಮಿಯೆ ನೆಲದ ಮೇಲೆ ಹಾಗೇ ಕೂತಳು. ಆ ಮನುಷ್ಯ ಬದುಕಿದಾನಾ ಅಂತ ಮೂರು ಸಲ ಕೇಳಿದಳು. ಬದುಕಿದಾನೆ, ಕೂಗ್ತಿದ್ದ ಅಂತ ಎರ್ಜಾನ್ ಮೂರು ಸಲ ಹೇಳಿದ. ಆಗ ಹುಸ್ನಿಯೆ ಮಂಚದಿಂದಲೇ ಅಂದಳು.

"ನೀನೇ ಓಡಿಸ್ತಿದ್ದೆ ಅಂತ ಹೇಳ್ಬಿಡು. ನಿನ್ನ ಕಾರು, ನಿನ್ನ ಪಾಸ್‌ಪೋರ್ಟು. ಯಾರಿಗೆ ಗೊತ್ತಾಗುತ್ತೆ?"

"ಬಿದ್ದೋನನ್ನ ಬಿಟ್ಟು ಓಡಿಹೋದವಳೂ ನಾನೇ ಆಗ್ತೀನಲ್ಲ ಅಕ್ಕ."

"ವಯಸ್ಸಾದವಳು, ಗಾಬರಿ ಆಯ್ತು ಅಂದ್ರೆ ನಂಬ್ತಾರೆ. ನೀನು ಊರಿಗೆ ಹೋಗೋಳು. ಅವನು ಇಲ್ಲೇ ಬಾಳಬೇಕು. ಕೇಸು ಬಿದ್ರೆ ಬಸ್ಸಿನ ಕೆಲಸ ಎಲ್ಲಿ ಬಂತು?" ಆಗ ಅಕ್ಕ ಇಪ್ಪತ್ತು ವರ್ಷ ಒಳಗಿಟ್ಟುಕೊಂಡಿದ್ದನ್ನು ಹೊರಗೆ ಹಾಕಿದಳು. "ನೀವು ಅಲ್ಲೇ ಉಳ್ಕೊಂಡ್ರಿ. ಮನೆ, ಹೊಲ, ಅಪ್ಪ ಅಮ್ಮನ ಗೋರಿ ಎಲ್ಲ ನಿಮಗೇ ಉಳೀತು. ನಾನು ಎರಡು ಸೂಟ್‌ಕೇಸು, ಹದಿಮೂರರ ಮಗನ್ನ ಕಟ್ಕೊಂಡು ಬಂದೆ. ಯಾವತ್ತಾದ್ರೂ ಏನಾದ್ರೂ ಕೇಳಿದೀನಾ? ಇದೊಂದು ಕೇಳ್ತಾ ಇದೀನಿ."

ಶುಕ್ರವಾರ ಬೆಳಿಗ್ಗೆ ರೆಸ್ಮಿಯೆ ಸಂಚಾರಿ ಪೊಲೀಸ್ ಠಾಣೆಗೆ ಹೋದಳು. ಎರ್ಜಾನ್ ಬಸ್ ನಿಲ್ದಾಣದವರೆಗೆ ಬಂದು, ಯಾವ ಬೀದಿ, ಎಷ್ಟು ಗಂಟೆ ಎಲ್ಲ ಹೇಳಿಕೊಟ್ಟ. ಅವಳು ತಲೆ ಆಡಿಸಿದಳು, ಆದರೆ ಒಂದೂ ತಲೆಯೊಳಗೆ ಇಳಿಯಲಿಲ್ಲ.

ಒಳಗೆ ಮೀಸೆ ನರೆತ ಒಬ್ಬ ಅಧಿಕಾರಿ ಇದ್ದ. ಬಲ್ಗೇರಿಯಾ ನಂಬರಿನ ಕಾರಿನವರು ನೀವೇನಾ ಅಂತ ಕೇಳಿ ಕೂರಿಸಿದ. ಕಾರನ್ನು ಎಳೆದುಕೊಂಡು ಬಂದು ಹಿಂದಿನ ಅಂಗಳದಲ್ಲಿ ನಿಲ್ಲಿಸಿದ್ದಾರೆಂದೂ, ಮೊಪೆಡ್‌ನವನ ಹೆಗಲ ಮುಂದಿನ ಮೂಳೆ ಮುರಿದಿದೆ, ಬೇರೆ ಅಪಾಯ ಇಲ್ಲವೆಂದೂ ಹೇಳಿದ. ರೆಸ್ಮಿಯೆ ನಾನೇ ಓಡಿಸುತ್ತಿದ್ದೆ ಅಂದಳು. ಧ್ವನಿ ಯಾರದ್ದೋ ಅನ್ನಿಸಿತು. ಮೊಪೆಡ್ ಯಾವ ಕಡೆಯಿಂದ ಬಂತು ಅಂತ ಅವನು ಕೇಳಿದ. ಎಡಗಡೆಯಿಂದ ಅಂದಳು. ಅವನು ಅವಳನ್ನೇ ಒಂದು ಗಳಿಗೆ ನೋಡಿ, ಟೈಪ್ ಮಾಡಿ, ಹಾಳೆಯನ್ನು ಅವಳ ಮುಂದಿಟ್ಟು ಪೆನ್ನು ಕೊಟ್ಟ.

ಹಾಳೆಯ ಕೊನೆಯ ಸಾಲು ಹೀಗಿತ್ತು: ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಂತ ಇಚ್ಛೆಯಿಂದ ಹೇಳಿದ್ದೇನೆ.

ಅಲ್ಲಿ ಅವಳ ಪೆನ್ನು ನಿಂತಿತು. ನಾವೆಲ್ಲ ಆ ಸಾಲನ್ನು ಇನ್ನೊಂದು ಭಾಷೆಯಲ್ಲಿ ಓದಿದವರು. ಎಂಬತ್ತೈದರ ಜನವರಿಯಲ್ಲಿ ಊರಿಗೆ ಸೈನಿಕರು ಬಂದು, ತುರ್ಕಿ ಹೆಸರಿಟ್ಟುಕೊಂಡ ನಮ್ಮನ್ನೆಲ್ಲ ಪಂಚಾಯ್ತಿ ಮನೆಯ ಮುಂದೆ ಹಿಮದಲ್ಲಿ ಸಾಲು ನಿಲ್ಲಿಸಿದರು. ಕಿಟಕಿಯಲ್ಲಿ ಒಂದು ಪಟ್ಟಿ ಇಟ್ಟಿದ್ದರು. ಅದರಿಂದ ಒಂದು ಬಲ್ಗೇರಿಯನ್ ಹೆಸರು ಆರಿಸಿಕೊಂಡು, ಸ್ವಂತ ಇಚ್ಛೆಯಿಂದ ನನ್ನ ಹೆಸರು ಬದಲಿಸಿಕೊಳ್ಳುತ್ತಿದ್ದೇನೆ ಅಂತ ಸಹಿ ಮಾಡಬೇಕಿತ್ತು. ನಾನೂ ಮಾಡಿದೆ. ರೆಸ್ಮಿಯೆ ಪಟ್ಟಿ ಓದಲೇ ಇಲ್ಲ, ಬೆರಳಿಗೆ ಸಿಕ್ಕಿದ ಹೆಸರು ತೋರಿಸಿದಳು. ಅದು ರುಮ್ಯಾನಾ ಆಗಿತ್ತು. ಐದು ವರ್ಷ ಸಂಬಳದ ಪುಸ್ತಕಕ್ಕೆ ಆ ಹೆಸರಲ್ಲೇ ಸಹಿ ಹಾಕಿದಳು. "ಪೊಲೀಸ್‌ಗೆ ನಾನು ಅಷ್ಟು ಹೆದರಲ್ಲ ಟೀಚರ್," ಅಂತ ನನಗೊಂದು ಸಲ ಹೇಳಿದ್ದಳು. "ನನ್ನ ಕೈಗೆ ಹೆದರ್ತೀನಿ. ಹೆದರಿಸಿದ್ರೆ ಅದು ಏನ್ ಬೇಕಾದ್ರೂ ಬರೆದುಬಿಡುತ್ತೆ."

ಪೆನ್ನು ಹಿಡಿದುಕೊಂಡೇ ಕೂತಿದ್ದಳು. ಅಧಿಕಾರಿ ಎದ್ದು, ಬನ್ನಿ ಅಂತ ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದ. ಓಪೆಲ್‌ನ ಮೂತಿ ಜಜ್ಜಿಹೋಗಿತ್ತು, ಬಲಗಡೆಯ ದೀಪ ಒಡೆದು ತಂತಿಗೆ ನೇತಾಡುತ್ತಿತ್ತು. ಅವನು ಡ್ರೈವರ್ ಕಡೆಯ ಬಾಗಿಲು ತೆಗೆದು ಕೂತ್ಕೊಳ್ಳಿ ಅಂದ. ಅವಳು ಹತ್ತಿ ಕೂತಳು. ಸೀಟು ಹಿಂದಕ್ಕೆ, ಕೊನೆಯವರೆಗೂ ಸರಿದಿತ್ತು. ದಿಂಬುಗಳು ಹಿಂದಿನ ಸೀಟಿನಲ್ಲಿ ಬಿದ್ದಿದ್ದವು. ಅವಳ ಕಾಲು ಬ್ರೇಕಿಗೆ ಒಂದು ಗೇಣು ದೂರದಲ್ಲಿ, ಗಾಳಿಯಲ್ಲಿ ನಿಂತಿತ್ತು.

ಅವನು ಬಾಗಿ ಆ ಕಾಲನ್ನು ನೋಡಿದ, ಆಮೇಲೆ ಅವಳ ಮುಖ ನೋಡಿದ. ಈಗ ಕೈಗೆ ಕೋಳ ಹಾಕುತ್ತಾನೆ, ಮುಹರ್ರೆಮ್‌ಗೆ ಯಾರು ಹೇಳುತ್ತಾರೆ, ಅವನ ಸೊಂಟಕ್ಕೆ ಎಣ್ಣೆ ಯಾರು ಹಚ್ಚುತ್ತಾರೆ, ಸಸಿಗೆ ನೀರು ಯಾರು ಹಾಕುತ್ತಾರೆ ಅಂತ ಅವಳ ತಲೆಗೆ ಒಂದರ ಮೇಲೊಂದು ಬಂತಂತೆ. ಅವನು ಅವಳ ತೋಳು ಹಿಡಿದು ಇಳಿಸಿದ.

"ಅಮ್ಮ, ಆ ಕಾಗದಕ್ಕೆ ನೀವಿನ್ನೂ ಸಹಿ ಮಾಡಿಲ್ಲ, ನಾನೂ ದಾಖಲೆ ನಂಬರ್ ಹಾಕಿಲ್ಲ. ಮನೆಗೆ ಹೋಗಿ. ಸೋಮವಾರ ಬನ್ನಿ. ಬರೋ ಮುಂಚೆ ಯೋಚನೆ ಮಾಡ್ಕೊಂಡ್ ಬನ್ನಿ."

ಬಸ್ಸಿನಲ್ಲಿ ಕೂತಾಗ ಅವಳಿಗೆ ಗಡಗಡ ನಡುಕ ಹತ್ತಿತು. ಪಕ್ಕದವಳು ಜ್ವರವೇನೋ ಅಂದುಕೊಂಡು ಕಿಟಕಿ ಮುಚ್ಚಿದಳು.

ಶನಿವಾರ, ಭಾನುವಾರ ಆ ಮನೆಯಲ್ಲಿ ಮೂವರೂ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಉಸಿರು ಹಿಡಿಯುತ್ತಿದ್ದರು. ರೆಸ್ಮಿಯೆ ಪಾಸ್‌ಪೋರ್ಟ್ ತೆಗೆದು ಆ ಮುದ್ರೆಯನ್ನು ನೋಡುವುದು, ಮತ್ತೆ ಚೀಲದಲ್ಲಿಡುವುದು, ಮತ್ತೆ ತೆಗೆಯುವುದು. ಅಕ್ಕ ಸೀಟಿನ ವಿಷಯ ಕೇಳಿ, ಎರ್ಜಾನ್ ಕಾರು ಸರಿಸಿ ನಿಲ್ಲಿಸೋಕೆ ಕೂತಿದ್ದ ಅಂತ ಹೇಳು ಅಂದಳು. ಒಂದು ಸುಳ್ಳಿಗೆ ಇನ್ನೊಂದನ್ನು ತೇಪೆ ಹಾಕುತ್ತಾ ಹೋಗುವುದನ್ನು ಕೇಳಿ ರೆಸ್ಮಿಯೆಗೆ ಇನ್ನೂ ಭಯವಾಯಿತು.

ಭಾನುವಾರ ಮಧ್ಯಾಹ್ನ ಬಾಲ್ಕನಿಯಲ್ಲಿ ನಿಂತು ಗಂಡನಿಗೆ ಫೋನ್ ಮಾಡಿದಳು. ಅಲ್ಲಿಯತನಕ ಅವನಿಗೆ ಅಕ್ಕನ ಮಂಡಿ ಇನ್ನೂ ಬಾಗ್ತಾ ಇಲ್ಲ ಅಂತ ಮಾತ್ರ ಹೇಳಿದ್ದಳು. ಈಗ ಎಲ್ಲ ಹೇಳಿದಳು.

"ಕಾರು ಹೋದ್ರೆ ಹೋಗ್ಲಿ, ಗಾಡಿ ಎಳೆಯೋಕೆ ನಮ್ಮ ಕತ್ತೆ ಇನ್ನೂ ಗಟ್ಟಿಯಾಗಿದೆ," ಅಂದ ಅವನು. "ಕೇಳು ಇಲ್ಲಿ. ಮದುವೆಯಾಗಿ ನಲವತ್ತು ವರ್ಷ ಆಯ್ತು, ನನ್ನ ಮುಂದೆ ಒಂದು ಸಲಾನೂ ನೆಟ್ಟಗೆ ಸುಳ್ಳು ಹೇಳೋಕೆ ನಿನಗೆ ಬಂದಿಲ್ಲ. ಈಗ ಪೊಲೀಸ್ ಹತ್ರ ಕಲಿಯೋಕೆ ಹೋಗ್ಬೇಡ."

ಸೋಮವಾರ ಬೆಳಿಗ್ಗೆ ಅವಳು ಎರ್ಜಾನ್‌ನನ್ನು ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿದಳು. ಇವತ್ತು ನಿಜ ಹೇಳುತ್ತೇನೆ, ನೀನೇ ಮೊದಲು ಹೋಗಿ ಹೇಳಿದರೆ ನಿನಗೇ ಒಳ್ಳೆಯದು, ಒಂಬತ್ತು ಗಂಟೆವರೆಗೆ ಠಾಣೆಯ ಗೇಟಿನಲ್ಲಿ ಕಾಯುತ್ತೇನೆ ಅಂದಳು. ಅವನು ಗೋಡೆ ನೋಡುತ್ತಾ ನಿಂತ. ಒಳಗಿನಿಂದ ಅಕ್ಕ ಕೇಳಿಸಿಕೊಂಡಿರಬೇಕು.

"ಹೋಗು. ಹೋಗಿ ನಿನ್ನ ಅಕ್ಕನ ಮಗನನ್ನ ಹಿಡಿದುಕೊಟ್ಟು ಬಾ," ಅಂದಳು.

ಒಂಬತ್ತರವರೆಗಲ್ಲ, ಒಂಬತ್ತೂವರೆವರೆಗೆ ಕಾದಳು. ಎರ್ಜಾನ್ ಬರಲಿಲ್ಲ. ಗೇಟಿನಿಂದ ಬಾಗಿಲಿಗೆ ಇಪ್ಪತ್ತು ಹೆಜ್ಜೆ. ಅಷ್ಟರಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದಳಂತೆ. ಆಮೇಲೆ ಒಳಗೆ ಹೋಗಿ, ಕೂರುವ ಮೊದಲೇ, "ನಾನು ಓಡಿಸ್ತಿರಲಿಲ್ಲ ಸಾರ್" ಅಂದುಬಿಟ್ಟಳು. ಕೂತರೆ ಮಾತು ಬರುವುದಿಲ್ಲ ಅಂತ ಗೊತ್ತಿತ್ತು.

ಅಧಿಕಾರಿ ಹಳೆ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿ ಹೊಸದು ಬರೆದುಕೊಂಡ. ಕಾರು ಓಡಿಸುತ್ತಿದ್ದವನು ಉದ್ದನೆಯ ಗಂಡಸು ಅಂತ ಮೊಪೆಡ್‌ನವನು ಶುಕ್ರವಾರ ಸಂಜೆಯೇ ಹೇಳಿದ್ದನಂತೆ. ಮಧ್ಯಾಹ್ನ ಎರ್ಜಾನ್‌ನನ್ನು ಕರೆಸಿದರು. ಅವನು ಒಪ್ಪಿಕೊಂಡ. ಜೈಲಾಗಲಿಲ್ಲ. ದಂಡ ಬಿತ್ತು, ಲೈಸೆನ್ಸು ಆರು ತಿಂಗಳು ಕೈತಪ್ಪಿತು, ಮೊಪೆಡ್‌ನವನ ಆಸ್ಪತ್ರೆಯ ಖರ್ಚು ಅವನ ಮೇಲೆ ಬಂತು. ಬಸ್ಸಿನ ಕೆಲಸ ಆ ವರ್ಷ ಸಿಗಲಿಲ್ಲ.

ಆದರೆ ರೆಸ್ಮಿಯೆಯ ಪಾಸ್‌ಪೋರ್ಟಿಗೆ ಕಾರು ಅಂಟಿಕೊಂಡೇ ಇತ್ತು. ಪೊಲೀಸರು ಸುಂಕದ ಕಚೇರಿಗೆ ಹೋಗಿ ಅಂದರು. ಅಲ್ಲಿ ಮೂರು ಕಿಟಕಿ. ಮೊದಲನೆಯವನು ಎರಡನೆಯದಕ್ಕೆ ಕಳಿಸಿದ, ಎರಡನೆಯವನು ಊಟಕ್ಕೆ ಎದ್ದುಹೋದ. ಬೆಂಚಿನ ಮೇಲೆ ಕೂತು ಅವಳು ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಒತ್ತಿಹಿಡಿದಿದ್ದಳು. ಈ ದೇಶದಲ್ಲೇ ಸಾಯುತ್ತೇನೆ, ಕಾರಿನ ಪಕ್ಕದಲ್ಲೇ ಹೂಳುತ್ತಾರೆ ಅಂತ ಅನ್ನಿಸುತ್ತಿತ್ತಂತೆ. ಮೂರನೆಯ ಕಿಟಕಿಯಲ್ಲಿದ್ದ ಹುಡುಗಿ ಮಾತ್ರ ಕಾಗದಗಳನ್ನೆಲ್ಲ ಓದಿ, ನಿಧಾನವಾಗಿ ಬಿಡಿಸಿ ಹೇಳಿದಳು. ಕಾರು ರಿಪೇರಿ ಮಾಡಿಸಿ ಓಡಿಸಿಕೊಂಡು ಹೋಗಬಹುದು. ಇಲ್ಲವೇ ಲಾರಿಯ ಮೇಲೆ ಹೇರಿ ಗಡಿ ದಾಟಿಸಬಹುದು. ಎರಡೂ ಆಗದಿದ್ದರೆ ಕಾರನ್ನು ಸುಂಕದವರಿಗೆ ಬಿಟ್ಟುಕೊಟ್ಟು ಬರೆದುಕೊಡಬಹುದು, ಆಗ ಪಾಸ್‌ಪೋರ್ಟಿನ ನಮೂದು ಅಳಿಸುತ್ತಾರೆ.

ಕಾರು ನೋಡಿದ ಗ್ಯಾರೇಜಿನವನು ಎಂಜಿನ್ ಕೂರುವ ಚೌಕಟ್ಟೇ ಬಾಗಿದೆ, ಒಂದು ತಿಂಗಳು ಬೇಕು ಅಂದಿದ್ದ. ಸಸಿಗಳು ಒಂದು ತಿಂಗಳು ಕಾಯುವುದಿಲ್ಲ. ಲಾರಿಯ ಬಾಡಿಗೆಗೆ ಅವಳ ಹತ್ತಿರ ದುಡ್ಡಿರಲಿಲ್ಲ. ಬಿಟ್ಟುಕೊಡುತ್ತೇನೆ ಅಂದಳು.

ಹುಡುಗಿ ಅಚ್ಚು ಹಾಕಿದ ಒಂದು ನಮೂನೆ ಕೊಟ್ಟಳು. ಅದರಲ್ಲೂ ಕೊನೆಗೆ ಸ್ವಂತ ಇಚ್ಛೆಯಿಂದ ಅಂತಿತ್ತು. ರೆಸ್ಮಿಯೆ ಮೂರು ಸಲ ಓದಿ, ಈ ಮಾತು ತೆಗೆಯೋಕಾಗುತ್ತಾ ಮಗಳೇ ಅಂತ ಕೇಳಿದಳು. ಅಚ್ಚಾಗಿರೋದು ಅಮ್ಮ, ತೆಗೆಯೋಕಾಗಲ್ಲ ಅಂದಳು ಹುಡುಗಿ. ರೆಸ್ಮಿಯೆ ತನ್ನ ಹೆಸರಿನ ಒಂದೊಂದು ಅಕ್ಷರವನ್ನೂ ಬಿಡಿಸಿ ಬರೆದಳು.

ಆಮೇಲೆ ಠಾಣೆಯ ಅಂಗಳಕ್ಕೆ ಹೋಗಿ ಕಾರಿನಿಂದ ದಿಂಬುಗಳನ್ನೂ, ಟಾರ್ಚನ್ನೂ, ಗಂಡನ ಹಳೆ ಟೋಪಿಯನ್ನೂ ತೆಗೆದುಕೊಂಡಳು. ಬಾಗಿಲು ಹಾಕಿದ ಮೇಲೆ ಒಂದು ಗಳಿಗೆ ಕೈ ಅದರ ಮೇಲೇ ಇಟ್ಟುಕೊಂಡು ನಿಂತಿದ್ದಳು. ಎಷ್ಟು ಜನರನ್ನು ಹೊತ್ತ ಗಾಡಿ ಅದು.

ಮನೆಯಿಂದ ಹೊರಡುವಾಗ ಅಕ್ಕ ಮಂಚದಿಂದ ಮುಖ ತಿರುಗಿಸಲಿಲ್ಲ. ರೆಸ್ಮಿಯೆ ಅವಳ ಕಾಲಿನ ಪಟ್ಟಿ ಬದಲಿಸಿ, ಮೂರು ದಿನಕ್ಕಾಗುವಷ್ಟು ಸಾರು ಮಾಡಿಟ್ಟು, ಬರ್ತೀನಿ ಅಕ್ಕ ಅಂತ ಹೇಳಿ ಬಂದಳು.

ಬಸ್ಸು ಕಪಿಕುಲೆಗೆ ಬಂದಾಗ ಬಿಸಿಲು ಇನ್ನೂ ಜೋರಾಗಿತ್ತು. ಎಲ್ಲರನ್ನೂ ಇಳಿಸಿ ಸಾಲು ನಿಲ್ಲಿಸಿದರು. ಮುಂದಿನವರದ್ದೆಲ್ಲ ಟಪಟಪ ಮುದ್ರೆ ಬಿತ್ತು. ಅವಳ ಪಾಸ್‌ಪೋರ್ಟ್ ಒಳಗೆ ಹೋದ ಮೇಲೆ ಮುದ್ರೆಯ ಸದ್ದು ಬರಲಿಲ್ಲ. ಗಡಿಯವನು ಪರದೆ ನೋಡಿದ, ಪಾಸ್‌ಪೋರ್ಟ್ ನೋಡಿದ, ಮತ್ತೆ ಪರದೆ ನೋಡಿದ.

"ನಿಮ್ಮ ಹೆಸರಲ್ಲಿ ಕಾರಿದೆ. ಎಲ್ಲಿ ಅದು?"

ಅವಳು ಚೀಲದಿಂದ ಸುಂಕದ ಕಚೇರಿಯ ಕಾಗದ ತೆಗೆದು ಕಿಟಕಿಯ ಸಂದಿಯಲ್ಲಿ ತೂರಿಸಿದಳು. ಅವನು ಅದನ್ನು ತಗೊಂಡು ಎದ್ದು ಒಳಗೆ ಹೋದ. ಇದ್ದ ಒಂದೇ ಕಾಗದ ಅದು. ಅದರ ನಕಲು ಕೂಡ ಅವಳ ಹತ್ತಿರ ಇರಲಿಲ್ಲ. ಹಿಂದಿನ ಸಾಲು ಬೇರೆ ಕಿಟಕಿಗೆ ಸರಿಯಿತು. ಬಸ್ಸಿನ ಡ್ರೈವರ್ ಬಂದು ಏನಾಯ್ತು ಅಂತ ಇಣುಕಿ, ಗಡಿಯಾರ ನೋಡಿಕೊಂಡು ಹೋದ. ಸಾಲಿನಲ್ಲಿದ್ದ ಹೆಂಗಸೊಬ್ಬಳು, ಏನೋ ಕದ್ದು ಸಾಗಿಸ್ತಿದ್ದಳು ಅಂತ ಕಾಣುತ್ತೆ ಅಂದದ್ದು ಅವಳಿಗೆ ಕೇಳಿಸಿತು. ಎಲ್ಲರ ಸಾಮಾನು ಹತ್ತಿಸಿ ಆಯಿತು. ಡ್ರೈವರ್ ಒಂದು ಸಲ ಹಾರ್ನ್ ಹೊಡೆದ. ಎರಡನೇ ಸಲ ಹೊಡೆದಾಗ ಅವಳು ಕಿಟಕಿಯ ಕಟ್ಟೆಗೆ ಆತುಕೊಂಡಳು. ಹಿಮದಲ್ಲಿ ನಿಂತದ್ದಕ್ಕಿಂತ ಇದು ಕಷ್ಟವಾಗಿತ್ತು ಟೀಚರ್ ಅಂದಳು ನನಗೆ. ಅವತ್ತು ಊರೇ ಜೊತೆಗಿತ್ತು, ಇಲ್ಲಿ ನಾನೊಬ್ಬಳೇ.

ಇಪ್ಪತ್ತೈದು ನಿಮಿಷದ ಮೇಲೆ ಅವನು ಬಂದ. ಬುರ್ಸಾದವರು ಅಳಿಸಿದ್ದು ಇಲ್ಲಿಗೆ ಬಂದಿರಲಿಲ್ಲ, ಫೋನ್ ಮಾಡಿ ಕೇಳಬೇಕಾಯಿತು ಅಂದ. ಮುದ್ರೆ ಒತ್ತಿ, ಹೋಗಿಬನ್ನಿ ಅಮ್ಮ ಅಂದ. ಬಸ್ಸು ಹತ್ತಿದ ಮೇಲೆ ಅವಳು ವಾಂತಿ ಮಾಡಿಕೊಂಡಳು. ಸಾಗಿಸ್ತಿದ್ದಳು ಅಂದಿದ್ದ ಹೆಂಗಸೇ ನೀರು ಕೊಟ್ಟಳಂತೆ.

ಊರಿಗೆ ಬಂದಾಗ ಸಸಿಗಳು ಉದ್ದವಾಗಿ ಸೊರಗಿದ್ದವು. ಆದರೂ ನೆಟ್ಟರು, ನಾವೂ ಕೈ ಹಾಕಿದೆವು. ಅಕ್ಕ ಒಂದೂವರೆ ವರ್ಷ ಫೋನ್ ಎತ್ತಲಿಲ್ಲ. ಎರ್ಜಾನ್ ಮಾತ್ರ ಮೊದಲ ಹಬ್ಬಕ್ಕೇ ಫೋನ್ ಮಾಡಿ, ತಪ್ಪಾಯ್ತು ಚಿಕ್ಕಮ್ಮ ಅಂದ. ಮೊಪೆಡ್‌ನವನ ಮನೆಗೆ ತಿಂಗಳಿಗೊಂದು ಸಲ ಹೋಗಿಬರುತ್ತೇನೆ ಅಂತಲೂ ಹೇಳಿದ. ಆಮೇಲೆ ಒಂದು ಬೇಸಿಗೆಯಲ್ಲಿ ಹುಸ್ನಿಯೆ ಕೋಲೂರಿಕೊಂಡು ತಾನೇ ಇಲ್ಲಿಗೆ ಬಂದಳು. ಆ ಮಾತು ಅವರಿಬ್ಬರೂ ಎತ್ತಲಿಲ್ಲ. ಒಟ್ಟಿಗೆ ಕೂತು ಹೊಗೆಸೊಪ್ಪನ್ನು ಒಣಗಿಸಲು ದಾರಕ್ಕೆ ಪೋಣಿಸಿದರು.

ರೆಸ್ಮಿಯೆ ಈಗ ಹಾಲಿನ ಕೇಂದ್ರದ ವ್ಯಾನ್ ಓಡಿಸುತ್ತಾಳೆ. ವರ್ಷಕ್ಕೊಂದು ಸಲ ಬುರ್ಸಾಕ್ಕೆ ಬಸ್ಸಿನಲ್ಲಿ ಹೋಗುತ್ತಾಳೆ, ಗಡಿಯಲ್ಲಿ ಯಾರೂ ಕೇಳುವ ಮೊದಲೇ ಕಾರಿಲ್ಲ ಅನ್ನುತ್ತಾಳೆ. ಸುಂಕದ ಕಚೇರಿಯ ಆ ಕಾಗದಕ್ಕೆ ಐದು ನಕಲು ಮಾಡಿಸಿದ್ದಾಳೆ. ಒಂದು ಅವಳ ಚೀಲದಲ್ಲಿ, ಒಂದು ಹಿಟ್ಟಿನ ಡಬ್ಬಿಯ ಹಿಂದೆ, ಒಂದು ಮಗಳ ಮನೆಯಲ್ಲಿ, ಒಂದು ಮುಹರ್ರೆಮ್‌ನ ಕೋಟಿನ ಜೇಬಿನಲ್ಲಿ. ಐದನೆಯದು ನಮ್ಮ ಮನೆಯ ಪೆಟ್ಟಿಗೆಯಲ್ಲಿದೆ. ಆಗಾಗ ಬಂದು, ಇದೆಯಾ ಟೀಚರ್ ಅಂತ ಕೇಳುತ್ತಾಳೆ. ನಾನು ತೆಗೆದು ತೋರಿಸುತ್ತೇನೆ.